ನಗರದ ನೀರೂ ನೆರೆಯೂರಿನ ಮರವೂ

ಬೆಳಗಾಗೆದ್ದು ಗೃಹಿಣಿಯು ನಲ್ಲಿಯನ್ನು ತಿರುಗಿಸಿ ಮೊದಲ ಕೊಡವನ್ನು ತುಂಬಿಕೊಳ್ಳುವಾಗ, ಆ ನೀರು ಯಾರ ಹೊಲದ ಮೇಲೆ ಬಿದ್ದ ಮಳೆಯದು, ಯಾವ ಮರದ ಬೇರಿನ ಪಕ್ಕದಲ್ಲಿ ಇಂಗಿ ಬಂದುದು ಎಂದು ವಿಚಾರಮಾಡುವುದು ಅಪೂರ್ವ. ತಿಂಗಳ ಕೊನೆಗೆ ನೀರಿನ ಬಿಲ್ಲು ಬಂದಾಗ ಯಜಮಾನನು ಅದನ್ನು ಸಲ್ಲಿಸಿ ತನ್ನ ಋಣ ತೀರಿತೆಂದು ತಿಳಿಯುವನು. ಆ ಹಣದಲ್ಲಿ ಕೊಳವೆಗೂ, ಯಂತ್ರಕ್ಕೂ, ವಿದ್ಯುಚ್ಛಕ್ತಿಗೂ, ನೌಕರರ ಸಂಬಳಕ್ಕೂ ಪಾಲುಂಟು. ಮಳೆಯನ್ನು ತನ್ನ ನೆಲದಲ್ಲಿ ತಡೆದು ಹಿಡಿದು ಹಳ್ಳಕ್ಕೆ ತಿಳಿಯಾಗಿ ಬಿಟ್ಟುಕೊಟ್ಟ ರೈತನಿಗೆ ಮಾತ್ರ ಅದರಲ್ಲಿ ಒಂದು ಕಾಸೂ ಸಲ್ಲುವುದಿಲ್ಲ. ಈ ಒಂದು ಲೋಪದಿಂದ ನಮ್ಮ ಬೆಂಗಳೂರಿಗೆ ಒದಗಿದುದೇನೆಂಬುದನ್ನೂ, ಅದೇ ಲೋಪವನ್ನು ತಿದ್ದಿಕೊಂಡ ಬೇರೊಂದು ಮಹಾನಗರದ ವೃತ್ತಾಂತವನ್ನೂ ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ನಮ್ಮ ಹಿಂದಿನವರು ಧರ್ಮಕಾರ್ಯಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿದ್ದರು. ಯಜ್ಞಯಾಗಾದಿಗಳು ಇಷ್ಟ; ಬಾವಿ, ಕೆರೆ, ತೋಪು ಮೊದಲಾದುವು ಪೂರ್ತ. ಇದು ಅನೇಕರು ಬಲ್ಲ ಸಂಗತಿ. ಆದರೆ ಕೆರೆಯನ್ನು ಕಟ್ಟಿಸಿದವನಿಗೆ ಪುಣ್ಯ ಬಂದರೆ ಸಾಲದು, ಅದನ್ನು ನೋಡಿಕೊಳ್ಳುವವನಿಗೆ ಅನ್ನವೂ ಹುಟ್ಟಬೇಕೆಂಬುದನ್ನು ಅವರು ಮರೆತಿರಲಿಲ್ಲ. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಅದರ ಏರಿ ತೂಬುಗಳನ್ನು ಕಾಪಾಡುವವನಿಗೆ ಬಿಟ್ಟುಕೊಟ್ಟ ಭೂಮಿಯ ಹೆಸರುಗಳು ಇವು. ಬಹುಮಟ್ಟಿಗೆ ಆ ಭೂಮಿ ಅದೇ ಕೆರೆಯ ಕೆಳಗಿನ ಗದ್ದೆಯೇ ಆಗಿರುತ್ತಿತ್ತು. ಎಂದರೆ, ನೀರುಂಡವನ ಫಲದಿಂದ ನೀರು ಕಾದವನಿಗೆ ಪಾಲು. ಇದನ್ನು ಯಾರೂ ಭಿಕ್ಷೆಯೆಂದು ಎಣಿಸಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿ, ಸೂರ್ಯಚಂದ್ರರನ್ನು ಸಾಕ್ಷಿಯಾಗಿ ಮೇಲೆ ಬಿಡಿಸಿ ಕೊಟ್ಟರು. ಈಗಿನ ಕಾಲದಲ್ಲಿ ಇದಕ್ಕೆ ಸಹಾಯಧನವೆಂಬ ಹೆಸರು ಬಂದಿದೆ. ಹೆಸರಿನಲ್ಲಿಯೇ ದಾತನು ಮೇಲೆ, ಪಡೆದವನು ಕೆಳಗೆ ಎಂಬ ಭಾವ ಇಣುಕುವುದರಿಂದ ನಮಗೆ ಆ ಮಾತು ಅಷ್ಟಾಗಿ ರುಚಿಸುವುದಿಲ್ಲ.

ಇನ್ನು ಅರ್ಕಾವತಿಯ ವಿಷಯ. ಈ ನದಿ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು, ಬೆಂಗಳೂರಿನ ಪಶ್ಚಿಮವನ್ನು ಬಳಸಿಕೊಂಡು, ರಾಮನಗರ ಕನಕಪುರಗಳ ಮೇಲೆ ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುವುದು. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯ ನೀರು ಬಂದಿತು. ಅದು ಸಾಲದೆ ಹೋದಾಗ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅರ್ಕಾವತಿಯನ್ನು ಕೂಡುವೆಡೆಯಲ್ಲಿ, ತಿಪ್ಪಗೊಂಡನಹಳ್ಳಿಯ ಬಳಿ ಕಟ್ಟೆಯೆದ್ದು 1933ರಲ್ಲಿ ಚಾಮರಾಜಸಾಗರವಾಯಿತು. ಆಗಿನ ಬೆಂಗಳೂರಿನ ಜನಸಂಖ್ಯೆ ಸುಮಾರು ಮೂರು ಲಕ್ಷ. ಎರಡು ತಲೆಮಾರಿನವರು ಆ ನೀರನ್ನು ಕುಡಿದು ಬೆಳೆದರು. 1974ರಲ್ಲಿ ಕಾವೇರಿಯ ನೀರು ಬಂದಿತು. ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿಗೆ ಸಮೀಪದ ಎತ್ತರಕ್ಕೆ ಯಂತ್ರದಿಂದ ಎತ್ತಿ ತರುವ ನೀರು ಅದು. ಅದರ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಇತ್ತ ನೆರೆಯಲ್ಲಿಯೇ ಇದ್ದ ಚಾಮರಾಜಸಾಗರ ವರ್ಷವರ್ಷಕ್ಕೆ ಬತ್ತುತ್ತ, ಇದ್ದಷ್ಟು ನೀರೂ ಹೊಲಸಾಗುತ್ತ ಬಂದು, 2012ರಲ್ಲಿ ಅಲ್ಲಿಂದ ನಗರಕ್ಕೆ ನೀರು ಕೊಡುವುದೇ ನಿಂತುಹೋಯಿತು.

ಯೋಗಕ್ಷೇಮವೆಂಬ ಮಾತನ್ನು ನಾವು ಕಾಗದ ಬರೆಯುವಾಗಲೆಲ್ಲ ಬಳಸುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಭಾಷ್ಯಕಾರರು ಅದನ್ನು ಬಿಡಿಸುವರು. ಬೆಂಗಳೂರಿಗೆ ಯೋಗವು ಚೆನ್ನಾಗಿಯೇ ಕೂಡಿಬಂದಿತು. ಕ್ಷೇಮದ ಕಡೆಗೆ ನೋಡುವವರು ಇರಲಿಲ್ಲ.

ಮಳೆ ಕಡಮೆಯಾದುದರಿಂದಲೇ ಅರ್ಕಾವತಿ ಬತ್ತಿತೆಂದು ನಾವೂ ಬಹುಕಾಲ ನಂಬಿದ್ದೆವು. ಬೆಂಗಳೂರಿನ ಅಟ್ರೀ ಎಂಬ ಸಂಶೋಧನಾಸಂಸ್ಥೆಯವರು ಈ ಜಲಾನಯನವನ್ನು ವಿವರವಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವಿಚಾರ ಬೇರೆ. ಮಳೆಯ ಕೊರತೆ ಇದಕ್ಕೆ ಮುಖ್ಯ ಕಾರಣವಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಪಾತಾಳಕ್ಕೆ ಇಳಿದುದೂ, ಹೊಲಗಳಲ್ಲಿ ನೀಲಗಿರಿಯ ನೆಡುತೋಪುಗಳು ಹಬ್ಬಿದುದೂ ಪ್ರಬಲವಾದ ಕಾರಣಗಳೆಂದು ಅವರು ಕಂಡುಕೊಂಡರು. ಆ ನೀಲಗಿರಿಯನ್ನು ನೆಟ್ಟವರು ಯಾರು? ಬಹುಪಾಲು ರೈತರೇ. ಹಾಗಾದರೆ ತಪ್ಪು ರೈತರದೆಂದು ಪೇಟೆಯ ವಿದ್ಯಾವಂತರು ಕೂಡಲೆ ತೀರ್ಪು ಕೊಟ್ಟುಬಿಡುವರು. ನಾವೂ ಒಮ್ಮೆ ಹಾಗೆಯೇ ಮಾತನಾಡಿ ನಾಚಿಕೆಪಟ್ಟುದುಂಟು.

ನಮ್ಮಲ್ಲಿ ಓದಿದ ಹುಡುಗನೊಬ್ಬನ ತಂದೆ ಮಾಗಡಿಯ ಕಡೆ ಹಳ್ಳವೊಂದರ ಮಗ್ಗುಲಲ್ಲಿ ನಾಲ್ಕೆಕರೆ ಜಮೀನುಳ್ಳ ಒಕ್ಕಲಿಗರು. ಎರಡೆಕರೆಯಲ್ಲಿ ರಾಗಿ, ಅವರೆ, ಉಳಿದುದರಲ್ಲಿ ನೀಲಗಿರಿ. ಹಳ್ಳದ ಅಂಚಿನಲ್ಲಿ ಮಾತ್ರ ಅವರ ತಾತನ ಕಾಲದ ಹುಣಿಸೆಯ ಮರವೊಂದು, ನಾಲ್ಕಾರು ಹೊಂಗೆ, ಎರಡು ಹಿಪ್ಪೆ ಉಳಿದಿವೆ. ಹಬ್ಬಕ್ಕೆಂದು ಹೋಗಿದ್ದ ನಾವು, ಊಟವಾದ ಮೇಲೆ ಹುಣಿಸೆಯ ನೆರಳಿನಲ್ಲಿ ಕುಳಿತು, ಇಂಥ ನೆಲದಲ್ಲಿ ನೀಲಗಿರಿಯನ್ನು ಏಕೆ ಹಾಕಿದಿರೆಂದು ಸ್ವಲ್ಪ ಬಿರುಸಾಗಿಯೇ ಕೇಳಿದೆವು.

"ಮೇಷ್ಟ್ರೇ, ನನ್ನ ಮೂರು ಜನ ಮಕ್ಕಳೂ ಬೆಂಗಳೂರಿಗೆ ಹೋದರು, ತಾವೇ ಓದಿಸಿ ಕಳಿಸಿದಿರಿ. ಕೂಲಿಯವರೂ ಅಲ್ಲಿಗೇ ಹೋದರು. ಇನ್ನು ಹೊಂಗೆ ಹಾಕಿದರೆ ಮೇಕೆಯಿಂದ ಕಾಯೋರು ಯಾರು? ಈ ಗಿಡವನ್ನು ಮೇಕೆ ಮುಟ್ಟೋದಿಲ್ಲ, ನೀರು ಕಟ್ಟಬೇಕಾಗಿಲ್ಲ. ಏಳೆಂಟು ವರ್ಷಕ್ಕೆ ಕಡಿಯೋರು ಅವರೇ ಲಾರಿ ತಂದು ದುಡ್ಡು ಎಣಿಸಿ ಹೋಗ್ತಾರೆ. ಬುಡ ಮತ್ತೆ ಚಿಗುರುತ್ತೆ. ಹುಣಿಸೆ ಮರ ಕಡಿಯಬೇಕಾದರೆ ಮಾತ್ರ ಕಛೇರಿಗೆ ಎಷ್ಟು ಸಲ ಅಲೀಬೇಕು ಅಂತ ಕೇಳಬೇಡಿ," ಎಂದರು.

ಈ ಕೊನೆಯ ಮಾತಿನಲ್ಲಿ ಒಂದು ದೊಡ್ಡ ವಿಷಯ ಅಡಗಿದೆ. ನಮ್ಮ ರಾಜ್ಯದಲ್ಲಿ 1976ರ ವೃಕ್ಷಸಂರಕ್ಷಣಾ ಕಾಯಿದೆಯೊಂದಿದೆ. ಅದು ಅನ್ವಯಿಸುವೆಡೆಯಲ್ಲಿ ತನ್ನ ಹೊಲದ ಮರವಾದರೂ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಕಡಿಯಲಾಗದು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವಕ್ಕೆ ವಿನಾಯಿತಿ. ಉದ್ದೇಶವು ಒಳ್ಳೆಯದೇ. ಆದರೆ ಫಲವೇನಾಯಿತು? ಯಾವ ಮರವನ್ನು ಬೆಳೆಸಿದರೆ ಕಾಗದಪತ್ರದ ಕಾಟವಿಲ್ಲವೋ ಅದನ್ನೇ ರೈತನು ಬೆಳೆಸಿದನು. ಶ್ರೀಗಂಧದ ಕಥೆ ಇದಕ್ಕಿಂತ ಹಳೆಯದು. ಬಹುಕಾಲದವರೆಗೆ ಅದು ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತಾಗಿತ್ತು. ಆದಕಾರಣ ಬದುವಿನ ಮೇಲೆ ಗಂಧದ ಸಸಿ ತಲೆಯೆತ್ತಿದರೆ, ಅದು ಮರವಾಗಿ ತಲೆನೋವನ್ನು ತರುವುದಕ್ಕೆ ಮೊದಲೇ ಕಿತ್ತು ಹಾಕುವುದೇ ಜಾಣತನವೆಂದು ಹಳ್ಳಿಯ ಮುದುಕರು ಬಗೆದಿದ್ದುದನ್ನು ನಾವು ಕೇಳಿದ್ದೇವೆ. 2001ರಲ್ಲಿ ಕಾಯಿದೆಯನ್ನು ತಿದ್ದಿ ಭೂಮಿಯ ಒಡೆಯನಿಗೆ ಗಂಧದ ಒಡೆತನವನ್ನು ಕೊಟ್ಟ ಮೇಲೆಯೇ ರೈತರು ತಾವಾಗಿ ಗಂಧವನ್ನು ನೆಡತೊಡಗಿದರು.

ಚಾಮರಾಜಸಾಗರದ ವಿಷಯದಲ್ಲಿಯೂ ಸರ್ಕಾರದವರು ಸುಮ್ಮನಿರಲಿಲ್ಲ. 2003ರಲ್ಲಿ ಒಂದು ಪ್ರಕಟನೆಯನ್ನು ಹೊರಡಿಸಿ, ಜಲಾಶಯದ ಸುತ್ತಲೂ ನದಿಗಳ ಇಕ್ಕೆಲದಲ್ಲಿಯೂ ವಲಯಗಳನ್ನು ಗುರುತುಮಾಡಿ, ಇಂತಿಂಥ ಕಡೆ ಕಾರ್ಖಾನೆ ಕೂಡದು, ಇಂತಿಂಥ ಕಡೆ ಕಟ್ಟಡ ಕೂಡದು ಎಂದು ವಿಧಿಸಿದರು. ಕೂಡದೆಂಬುದು ಬಹಳ ಅಗ್ಗವಾದ ಮಾತು; ಹೇಳುವವನಿಗೆ ಖರ್ಚಿಲ್ಲ. ಆ ವಲಯದೊಳಗಿನ ರೈತನ ಭೂಮಿಗೆ ಬೆಲೆ ಏರಲಿಲ್ಲ, ಗೆರೆಯಾಚೆಯವನ ಭೂಮಿ ಬಂಗಾರವಾಯಿತು. ನಗರದ ನೀರಿಗಾಗಿ ಇವನು ಬಿಟ್ಟುಕೊಟ್ಟುದಕ್ಕೆ ನಗರವು ಏನನ್ನೂ ಕೊಡಲಿಲ್ಲ. ಹೀಗಿರಲು ಆ ಕಟ್ಟಳೆಗೆ ಹಳ್ಳಿಯಲ್ಲಿ ಮಿತ್ರರು ಹುಟ್ಟುವುದೆಲ್ಲಿಂದ? 2019ರಲ್ಲಿ ಅದು ಸಡಿಲವಾಯಿತು. 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿದರು. ಬೇರು ಕಿತ್ತು ಬೇರೊಂದನ್ನು ನೆಡುವ ಖರ್ಚು ಬಹುಮಟ್ಟಿಗೆ ರೈತನ ತಲೆಯ ಮೇಲೆಯೇ ಉಳಿಯಿತು. 2020ರಲ್ಲಿ ಭೂಸುಧಾರಣಾ ಶಾಸನದ ಕಟ್ಟನ್ನು ತೆಗೆದು, ಬೇಸಾಯಗಾರರಲ್ಲದವರೂ ಹೊಲಗಳನ್ನು ಕೊಳ್ಳಬಹುದೆಂದಾಯಿತು. ನಗರದಂಚಿನ ಹಳ್ಳಿಗಳಲ್ಲಿ ಆ ಮೇಲೆ ದಳ್ಳಾಳಿಗಳ ಕಾರುಗಳು ಎತ್ತಿನ ಗಾಡಿಗಳಿಗಿಂತ ಹೆಚ್ಚಾಗಿ ಕಾಣಬರುತ್ತವೆ.

ನಗರವೊಂದು ತನ್ನ ನೀರಿಗಾಗಿ ನೆರೆಯ ರೈತನೊಡನೆ ಬೇರೆ ಬಗೆಯಲ್ಲಿ ನಡೆದುಕೊಳ್ಳಬಹುದೆ? ಅಮೆರಿಕ ದೇಶದ ನ್ಯೂಯಾರ್ಕ್ ನಗರದ ಅನುಭವ ಇಲ್ಲಿ ವಿಚಾರಕ್ಕೆ ಯೋಗ್ಯವಾದುದು. ಆ ನಗರದ ಎಂಬತ್ತು ಲಕ್ಷಕ್ಕೂ ಮೀರಿದ ಜನರು ಕುಡಿಯುವ ನೀರಿನ ಬಹುಭಾಗ, ಸುಮಾರು ಇನ್ನೂರು ಕಿಲೋಮೀಟರುಗಳವರೆಗೆ ದೂರವಿರುವ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದಲೂ ಡೆಲಾವೇರ್ ನದಿಯ ಮೇಲ್ಭಾಗದಿಂದಲೂ ಬರುತ್ತದೆ. ಅದನ್ನು ಸೋಸುವುದಿಲ್ಲ, ಔಷಧಿಯಿಂದಲೂ ಒಂದು ಬಗೆಯ ಕಿರಣಗಳಿಂದಲೂ ಕ್ರಿಮಿಶುದ್ಧಿಮಾಡಿ ಕೊಡುತ್ತಾರೆ. ಇಷ್ಟು ದೊಡ್ಡ ನಗರವು ಸೋಸದ ನೀರನ್ನು ಕುಡಿಯುವುದೆಂದರೆ, ಆ ಬೆಟ್ಟಗಳ ಕಾಡೇ ಅದರ ಸೋಸುವ ಬಟ್ಟೆಯೆಂದು ಅರ್ಥ. ಆ ಸೀಮೆಯ ಮುಕ್ಕಾಲುಪಾಲು ಅರಣ್ಯ. ಸ್ವಾರಸ್ಯವೇನೆಂದರೆ, ಅಲ್ಲಿಯ ನೆಲದಲ್ಲಿ ಸರ್ಕಾರದ್ದು ಅಲ್ಪಭಾಗ. ಸುಮಾರು ಮುಕ್ಕಾಲುಪಾಲು ಖಾಸಗಿ ಒಡೆತನದಲ್ಲಿತ್ತು. ಹಸು ಕಟ್ಟಿ ಹಾಲು ಮಾರುವ ರೈತರು, ಮನೆಯ ಹಿಂದೆ ಐವತ್ತು ನೂರು ಎಕರೆ ಕಾಡುಳ್ಳ ಸಂಸಾರಿಗಳು, ಇಂಥವರು.

ಇವರಿಗೆ ನಗರವೆಂದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. 1907ರಿಂದ 1915ರವರೆಗೆ ಅಶೋಕನ್ ಎಂಬ ಜಲಾಶಯವನ್ನು ಕಟ್ಟುವಾಗ ಸುಮಾರು ಎರಡು ಸಾವಿರ ಜನರನ್ನು ಒಕ್ಕಲೆಬ್ಬಿಸಿದ್ದರು; ಗೋರಿಗಳನ್ನು ಸಹ ಅಗೆದು ಸಾಗಿಸಬೇಕಾಯಿತು. (ಹೆಸರನ್ನು ಕೇಳಿ ನಮ್ಮ ಅಶೋಕ ಚಕ್ರವರ್ತಿಯನ್ನು ನೆನೆಯಬೇಕಾಗಿಲ್ಲ, ಅದು ಆ ದೇಶದ ಮೂಲನಿವಾಸಿಗಳ ಮಾತೆನ್ನುವರು.) ಮುಂದೆಯೂ ಕಣಿವೆ ಕಣಿವೆಯಾಗಿ ಊರುಗಳು ಮುಳುಗಿದುವು. ಅಜ್ಜನ ಮನೆ ನೀರಿನ ಅಡಿಯಲ್ಲಿರುವಾಗ ಮೊಮ್ಮಗನಿಗೆ ನಗರದ ಮೇಲೆ ಪ್ರೀತಿ ಹುಟ್ಟುವುದೆಂತು?

1989ರಲ್ಲಿ ಆ ದೇಶದ ಕೇಂದ್ರಸರ್ಕಾರವು, ಕೆರೆನದಿಗಳ ನೀರನ್ನು ಸೋಸಿಯೇ ಕೊಡಬೇಕು, ಇಲ್ಲವೇ ಜಲಾನಯನವು ಸುರಕ್ಷಿತವಾಗಿದೆಯೆಂದು ಸಿದ್ಧಪಡಿಸಬೇಕು ಎಂದು ನಿಯಮ ಮಾಡಿತು. ಸೋಸುವ ಕಟ್ಟಡಕ್ಕೆ ಅಂದಾಜು ಹಾಕಿದಾಗ ಆರು ನೂರು ಕೋಟಿ ಡಾಲರಿಗೂ ಮೀರಿತು. ವರ್ಷವರ್ಷದ ಖರ್ಚು ಬೇರೆ. ನಗರದವರು ಗಾಬರಿಯಾಗಿ, ಮೊದಲು ನಮ್ಮವರು ಹಿಡಿದ ದಾರಿಯನ್ನೇ ಹಿಡಿದರು. ಹಳ್ಳದ ಬಳಿಯ ಬೇಸಾಯಕ್ಕೂ ಗೊಬ್ಬರಕ್ಕೂ ಕಟ್ಟುನಿಟ್ಟಾದ ಮಿತಿಗಳನ್ನು 1990ರಲ್ಲಿ ಬರೆದು ಪ್ರಕಟಿಸಿದರು. ಬೆಟ್ಟದ ಸೀಮೆಯೆಲ್ಲ ಒಂದಾಗಿ ತಿರುಗಿಬಿದ್ದಿತು. ಇದನ್ನು ಜಾರಿಮಾಡಿದರೆ ನಾವು ಹಸುಗಳನ್ನು ಮಾರಿ, ಹೊಲಗಳನ್ನು ಮನೆ ಕಟ್ಟುವವರಿಗೆ ಕೊಟ್ಟು ಹೊರಡುತ್ತೇವೆ, ಆಗ ನಿಮ್ಮ ನೀರಿಗೆ ಗೊಬ್ಬರಕ್ಕೆ ಬದಲು ಬಚ್ಚಲ ನೀರು ಬರಲಿ ಎಂಬುದು ರೈತರ ವಾದದ ಸಾರ. ವಾದ ಒರಟಾಗಿದ್ದರೂ ಸುಳ್ಳಾಗಿರಲಿಲ್ಲ. ಆಗ ನಗರದವರು ಕುಳಿತು ಮಾತನಾಡಲು ಒಪ್ಪಿದುದು ಅವರ ದೊಡ್ಡ ಬುದ್ಧಿವಂತಿಕೆ ಎಂದು ನಮ್ಮ ಅಭಿಪ್ರಾಯ.

ಮಾತುಕತೆಯಿಂದ ಹೊರಟ ಏರ್ಪಾಡು ಹೀಗಿತ್ತು. ರೈತರೇ ನಡೆಸತಕ್ಕ ಒಂದು ಜಲಾನಯನ ವ್ಯವಸಾಯ ಮಂಡಲಿ 1993ರಲ್ಲಿ ಸ್ಥಾಪಿತವಾಯಿತು. ಖರ್ಚು ನಗರದ್ದು, ಕೆಲಸ ಮಂಡಲಿಯದು. ಸೇರುವುದೂ ಬಿಡುವುದೂ ರೈತನ ಇಚ್ಛೆ; ಆದರೆ ಐದು ವರ್ಷಗಳಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಸೇರದಿದ್ದರೆ ಕಟ್ಟುನಿಟ್ಟು ಬರತಕ್ಕುದೆಂದು ಕರಾರು. ಸೇರಿದವನ ಹೊಲಕ್ಕೆ ತಿಳಿದವರು ಬಂದು, ಅವನೊಡನೆಯೇ ಸುತ್ತಾಡಿ, ಇಡೀ ಜಮೀನಿಗೆ ಒಂದು ಯೋಜನೆಯನ್ನು ಬರೆಯುವರು. ಹಸುಗಳು ಹಳ್ಳಕ್ಕೆ ಇಳಿಯದಂತೆ ಬೇಲಿ, ಅವುಗಳಿಗೆ ಬೇರೆ ನೀರಿನ ತೊಟ್ಟಿ, ಕೊಟ್ಟಿಗೆಯ ಅಂಗಳಕ್ಕೆ ಗಚ್ಚು, ಸಗಣಿಯನ್ನು ಕೂಡಿಡಲು ಕಟ್ಟೆ, ಎಳೆಗರುಗಳಿಗೆ ಒಣಗಿದ ಬೆಚ್ಚನೆಯ ಕೊಟ್ಟಿಗೆ. ಕರುಗಳ ಮಾತು ವಾಚಕರಿಗೆ ವಿಚಿತ್ರವಾಗಿ ಕಾಣಬಹುದು. ಹೊಟ್ಟೆಯನ್ನು ಕೆಡಿಸುವ ಒಂದು ಸೂಕ್ಷ್ಮಜೀವಿಯು ಎಳೆಗರುಗಳ ಸಗಣಿಯಲ್ಲಿ ಹೆಚ್ಚು. ಅದು ಕ್ಲೋರಿನ್ನಿಗೂ ಬಗ್ಗದು. ಆದಕಾರಣ ನಗರದ ಮಗುವಿನ ಹೊಟ್ಟೆಗೂ ಬೆಟ್ಟದ ಕರುವಿನ ಕೊಟ್ಟಿಗೆಗೂ ಸಂಬಂಧವುಂಟು. ಕರು ನೆಗೆದಾಡಿಕೊಂಡಿದ್ದರೆ ರೈತನಿಗೂ ಲಾಭವೇ. ಅವಧಿ ತುಂಬುವ ವೇಳೆಗೆ ಎಂಬತ್ತೈದರ ಗೆರೆಯನ್ನು ದಾಟಿ ರೈತರು ಸೇರಿದ್ದರು.

1997ರ ಜನವರಿಯಲ್ಲಿ ನಗರ, ರಾಜ್ಯ, ಕೇಂದ್ರ, ಬೆಟ್ಟದ ಊರುಗಳು ಎಲ್ಲವೂ ಸೇರಿ ದೊಡ್ಡ ಒಪ್ಪಂದಕ್ಕೆ ರುಜುಮಾಡಿದುವು. ಭೂಮಿಯನ್ನು ಬಲಾತ್ಕಾರದಿಂದ ಕೊಳ್ಳುವುದಿಲ್ಲ, ಮಾರಲು ಒಪ್ಪಿದವರಿಂದ ಮಾತ್ರ. ಕೊಂಡ ಭೂಮಿಗೆ ಊರಿನ ತೆರಿಗೆಯನ್ನು ನಗರವೇ ಕಟ್ಟತಕ್ಕುದು ಎಂಬುವು ಅದರಲ್ಲಿ ಸೇರಿದ್ದುವು. ನಮಗೆ ಬಹಳ ಹಿಡಿಸಿದುದು ಇನ್ನೊಂದು ಪದ್ಧತಿ. ರೈತನು ಭೂಮಿಯನ್ನು ಮಾರುವುದಿಲ್ಲ. ಅದರ ಮೇಲೆ ಮನೆಗಳನ್ನೂ ಬಡಾವಣೆಯನ್ನೂ ಎಬ್ಬಿಸುವ ಹಕ್ಕನ್ನು ಮಾತ್ರ ಮಾರುವನು. ಬಡಾವಣೆಗೆ ಕೊಟ್ಟಿದ್ದರೆ ಬರುತ್ತಿದ್ದ ಬೆಲೆಯೆಷ್ಟು, ಬರಿಯ ಹೊಲವಾಗಿ ಅದರ ಬೆಲೆಯೆಷ್ಟು, ಎರಡರ ಅಂತರವನ್ನು ಗೊತ್ತುಮಾಡಿ ಹಣವನ್ನು ಕೈಗೆ ಕೊಡುವರು. ಹೊಲ ಅವನದೇ, ಮಕ್ಕಳದೇ. ಮಾರಿದರೂ ಕೊಂಡವನು ಆ ಕರಾರಿಗೆ ಬದ್ಧ. ಕಾಡುಳ್ಳವರಿಗೆ ಮರಗಳನ್ನು ಹೇಗೆ ಆರಿಸಿ ಕಡಿಯಬೇಕು, ಮರ ಸಾಗಿಸುವ ದಾರಿಯ ಮಣ್ಣು ಹಳ್ಳಕ್ಕೆ ಹೋಗದಂತೆ ಹೇಗೆ ಅಡ್ಡಕಟ್ಟಬೇಕು ಎಂದು ಯೋಜನೆ ಬರೆದುಕೊಡುವುದಲ್ಲದೆ, ಹಳ್ಳ ದಾಟಲು ಹೊತ್ತೊಯ್ಯುವ ಸೇತುವೆಗಳನ್ನು ಎರವಲಾಗಿ ಸಹ ಕೊಡುವರು. ಗಮನಿಸಬೇಕು: ಕಡಿಯಕೂಡದೆಂದಲ್ಲ, ಹೀಗೆ ಕಡಿ ಎಂದು. ಮರದಿಂದ ನಾಲ್ಕು ಕಾಸು ಹುಟ್ಟಿದರೆ ಮಾತ್ರ ಕಾಡು ಕಾಡಾಗಿ ಉಳಿಯುವುದೆಂಬುದನ್ನು ಅವರು ಅರಿತರು. ರಾಜ್ಯದ ಕಾನೂನಿನಂತೆ, ಐವತ್ತೆಕರೆಗೆ ಕಡಮೆಯಿಲ್ಲದ ಕಾಡನ್ನು ಯೋಜನೆಯಂತೆ ಕಾಪಾಡುವೆನೆಂದು ಹತ್ತು ವರ್ಷಗಳಿಗೆ ಕಟ್ಟುಬಿದ್ದವರಿಗೆ ಭೂತೆರಿಗೆಯಲ್ಲಿ ದೊಡ್ಡ ರಿಯಾಯಿತಿಯೂ ಉಂಟು.

ಎಲ್ಲವೂ ಸುಖಾಂತವೆಂದು ನಾವು ಹೇಳಲಾರೆವು. ಹಾಲಿನ ಬೆಲೆ ಸಾಲದೆ ಅಲ್ಲಿಯೂ ಎಷ್ಟೋ ಡೈರಿಗಳು ಮುಚ್ಚಿದುವು. ನಗರವು ಭೂಮಿ ಕೊಳ್ಳುತ್ತ ಹೋದರೆ ಊರು ಬೆಳೆಯುವುದೆಲ್ಲಿ ಎಂಬ ದೂರೂ ಕೇಳಿಬಂದಿತು. ಆದರೆ ನೀರು ಇಂದಿಗೂ ಸೋಸದೆ ಬರುತ್ತಿದೆ.

ಅದನ್ನು ಇದ್ದಂತೆಯೇ ಎತ್ತಿ ಇಲ್ಲಿ ನೆಡಲಾಗದು. ಐವತ್ತೆಕರೆಯ ಮಾತನ್ನು ಮಾಗಡಿಯಲ್ಲಿ ಆಡಿದರೆ ನಕ್ಕಾರು. ನಮ್ಮ ಹಿಡುವಳಿ ಎರಡೆಕರೆ, ನಾಲ್ಕೆಕರೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಐದಾರು ಹೆಸರು. ಭೂಮಿಯ ಬೆಲೆಯೋ ನಗರದ ಹತ್ತಿರ ಹುಚ್ಚೆದ್ದು ಕುಣಿಯುತ್ತಿದೆ. ಅಂತರವನ್ನು ತುಂಬಿಕೊಡುವ ಶಕ್ತಿ ಯಾವ ಬೊಕ್ಕಸಕ್ಕಿದೆ? ಆದರೂ ಹಳ್ಳಗಳ ಇಕ್ಕೆಲದ ನಾಲ್ಕು ಮಾರು ನೆಲದಿಂದ ಆರಂಭಿಸಬಹುದು. ಮೊದಲ ಹೆಜ್ಜೆ ಆಗಲೇ ನಮ್ಮಲ್ಲಿ ಬಿದ್ದಿದೆ. 2011ರಲ್ಲಿ ಅರಣ್ಯ ಇಲಾಖೆಯವರು ತೊಡಗಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತನು ಅಗ್ಗದ ದರಕ್ಕೆ ಸಸಿಗಳನ್ನು ಕೊಂಡು ನೆಟ್ಟು ಉಳಿಸಿಕೊಂಡರೆ, ಬದುಕಿದ ಗಿಡಕ್ಕೆ ಇಷ್ಟೆಂದು ಮೂರು ವರ್ಷ ಹಣ ಕೊಡುವ ಕ್ರಮವುಂಟು. ಮುಂದೆ ಆ ಮೊತ್ತವನ್ನು ಹೆಚ್ಚಿಸಿ, ಗಿಡವೊಂದಕ್ಕೆ ಒಟ್ಟು 125 ರೂಪಾಯಿಗೆ ಏರಿಸಿದರು. ನೆಟ್ಟುದಕ್ಕಲ್ಲ, ಬದುಕಿದುದಕ್ಕೆ ಹಣವೆಂಬುದು ಅದರ ಗುಣ. ಮೂರನೆಯ ವರ್ಷಕ್ಕೆ ಅದು ನಿಂತುಹೋಗುವುದು ದೋಷ. ಹೊಂಗೆಯಾಗಲಿ ಹುಣಿಸೆಯಾಗಲಿ ನೀರನ್ನು ಇಂಗಿಸುವ ಬಲ ಪಡೆಯುವುದು ಅದರ ಮೇಲೆಯೇ. ಮಾರಾಟದ ಆಸೆ ಹುಟ್ಟುವುದೂ ಅದರ ಮೇಲೆಯೇ. ಕಾವೇರಿಯ ನೀರನ್ನು ಎತ್ತುವ ವಿದ್ಯುತ್ತಿಗೆ ಸುರಿಯುವ ಹಣದಲ್ಲಿ ಒಂದು ಸಣ್ಣ ಅಂಶವನ್ನು ತೆಗೆದಿಟ್ಟು, ಹಳ್ಳದಂಚಿನ ನಿಂತ ಮರಕ್ಕೆ ವರ್ಷವರ್ಷವೂ ಒಂದು ಬಾಡಿಗೆಯನ್ನು ಕೊಟ್ಟರೆ, ನೀಲಗಿರಿಯ ಬುಡ ಕೀಳುವ ಖರ್ಚನ್ನು ನಗರವು ವಹಿಸಿಕೊಂಡರೆ, ಮತ್ತು ತಾನೇ ನೆಟ್ಟ ಮರವನ್ನು ಕಡಿಯುವವನಿಗೆ ಕಛೇರಿಯ ಅಲೆದಾಟವನ್ನು ತಪ್ಪಿಸಿದರೆ, ಹಳೆಯ ಬಿತ್ತುವಟ್ಟವೇ ಹೊಸ ವೇಷದಲ್ಲಿ ಬಂದಂತಾಗುವುದು. ನೀರಿನ ಬಿಲ್ಲಿನಲ್ಲಿ ಇದಕ್ಕಾಗಿ ಐದು ಹತ್ತು ರೂಪಾಯಿ ಹೆಚ್ಚಿದರೆ ಗೊಣಗುವವರಲ್ಲಿ ನಾವೂ ಒಬ್ಬರಾದೇವು, ಆದರೂ ಕೊಡುವೆವು.

ಹೋದ ಬೇಸಗೆಯಲ್ಲಿ ಮತ್ತೆ ಆ ಒಕ್ಕಲಿಗರ ಮನೆಗೆ ಹೋದಾಗ ನ್ಯೂಯಾರ್ಕಿನ ಈ ಸಮಾಚಾರವನ್ನೆಲ್ಲ ವಿವರಿಸಿದೆವು. ಅವರು ನಡುವೆ ಮಾತನಾಡದೆ ಕೇಳಿದರು. ಮನೆ ಕಟ್ಟುವ ಹಕ್ಕನ್ನು ಮಾತ್ರ ಮಾರುವ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಬಳಿಕ ಎದ್ದು ಒಳಗೆ ಹೋಗಿ, ಗೋಡೆಯ ಗೂಡಿನಿಂದ ದಳ್ಳಾಳಿಯೊಬ್ಬನು ಕೊಟ್ಟಿದ್ದ ಹೆಸರಿನ ಚೀಟಿಯನ್ನು ತಂದು ನಮ್ಮ ಕೈಗಿಟ್ಟರು. ಅದರ ಹಿಂಭಾಗದಲ್ಲಿ ಪೆನ್ಸಿಲಿನಿಂದ ಎಕರೆಗೆ ಇಷ್ಟೆಂದು ಬರೆದಿತ್ತು. ನಮ್ಮ ಮೂವತ್ತು ವರ್ಷಗಳ ಸಂಬಳವನ್ನು ಕೂಡಿಸಿದರೂ ಆ ಮೊತ್ತವಾಗದು.

"ಇವನು ಮೂರು ಸಲ ಬಂದ, ಮೇಷ್ಟ್ರೇ," ಎಂದರು. "ತಾವು ಹೇಳಿದಂಥ ಕಾಗದ ಹಿಡಿದುಕೊಂಡು ನಗರದ ಕಡೆಯಿಂದ ಯಾರಾದರೂ ಒಂದು ಸಲವಾದರೂ ಬರ್ತಾರಾ? ಬರೋ ಹಾಗಿದ್ದರೆ ಹುಣಿಸೆಯ ಮಾತನ್ನು ಇನ್ನೊಂದು ವರ್ಷ ತಡೀತೀನಿ."